ಸಡಿಲವೂ ಸವೆತವೂ

ವಾಹನವುಳ್ಳ ಮನುಷ್ಯನ ಕಣ್ಣು ಮೊದಲು ಹೋಗುವುದು ಅದರ ಬಣ್ಣದ ಕಡೆಗೆ. ಪೆಟ್ರೋಲು ಟ್ಯಾಂಕಿನ ಮೇಲೆ ಉಗುರಿನಷ್ಟು ಗೀರು ಬಿದ್ದರೂ ಅವನ ಮನಸ್ಸು ಕಹಿಯಾಗುತ್ತದೆ. ಕನ್ನಡಿ ಓರೆಯಾದರೆ ನೆಟ್ಟಗೆ ಮಾಡುತ್ತಾನೆ. ದೀಪಕ್ಕೆ ಧೂಳು ಕವಿದರೆ ಅಂಗಿಯ ತುದಿಯಿಂದಲಾದರೂ ಒರೆಸುತ್ತಾನೆ. ಟೈರಿನಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಆದರೆ ಎಂಜಿನಿನಲ್ಲಿ ಹುಟ್ಟಿದ ಬಲವನ್ನೆಲ್ಲ ಹೊತ್ತುಕೊಂಡು ಹೋಗಿ ಹಿಂದಿನ ಗಾಲಿಗೆ ಒಪ್ಪಿಸುವ ಚೈನಿನ ಕಡೆಗೆ ಮಾತ್ರ ಅವನ ಲಕ್ಷ್ಯ ಸುಲಭವಾಗಿ ಹರಿಯುವುದಿಲ್ಲ. ಅದು ಕೆಳಗೆ, ನೆಲದ ಸಮೀಪದಲ್ಲಿ, ಎಣ್ಣೆ ಜಿಡ್ಡಿನ ಕಪ್ಪು ಮೈಯಿಂದ ತನ್ನಷ್ಟಕ್ಕೆ ತಾನು ದುಡಿಯುತ್ತಿರುತ್ತದೆ. ಮುಟ್ಟಿದರೆ ಕೈ ಮಸಿಯಾಗುತ್ತದೆ. ನೋಡಬೇಕೆಂದರೆ ಕುಕ್ಕರಗಾಲಿನಲ್ಲಿ ಕೂರಬೇಕಾಗುತ್ತದೆ. ಹೀಗಾಗಿ ಅದು ಸದ್ದು ಮಾಡುವವರೆಗೂ ಅದನ್ನು ವಿಚಾರಿಸುವವರಿಲ್ಲ. ಮನೆಗಳಲ್ಲಿ ಹಗಲಿರುಳು ದುಡಿಯುವವರ ಕಡೆಗೂ ಮನುಷ್ಯನ ಲಕ್ಷ್ಯ ಹೀಗೆಯೇ ಅಲ್ಲವೆ?

ಮಂಗಳೂರಿನಲ್ಲಿ ಈ ಅಲಕ್ಷ್ಯಕ್ಕೆ ತೆರಬೇಕಾದ ದಂಡ ಒಳನಾಡಿನ ಊರುಗಳಿಗಿಂತ ಹೆಚ್ಚಿನದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ ಬಂದು ಮುಗಿಯುತ್ತದೆ. ಮುರಕಲ್ಲಿನ ಗುಡ್ಡಗಳಿಂದ ಕೆಂಪು ನೀರು ರಸ್ತೆಗಿಳಿಯುತ್ತದೆ. ಅದರೊಡನೆ ನುಣ್ಣನೆಯ ಮರಳೂ ಇಳಿಯುತ್ತದೆ. ಪಡುವಣ ಗಾಳಿ ಕಡಲಿನ ಉಪ್ಪನ್ನು ಹೊತ್ತು ತಂದು ಕಬ್ಬಿಣ ಕಂಡಲ್ಲೆಲ್ಲ ಇರಿಸಿ ಹೋಗುತ್ತದೆ. ಇನ್ನು ಊರಿನ ನೆಲವೋ, ಸಮತಟ್ಟಾದುದಲ್ಲ. ಬಾವುಟಗುಡ್ಡೆ, ಕದ್ರಿ, ಬಿಜೈ, ಬಲ್ಮಠ ಎಲ್ಲಿಗೆ ಹೊರಟರೂ ಒಂದು ಏರು, ಒಂದು ಇಳಿಜಾರು ಇದ್ದೇ ಇದೆ. ಏರಿನ ನಡುವೆ ವಾಹನಗಳ ಸಾಲು ನಿಂತು ಮತ್ತೆ ಹೊರಡುವಾಗ, ಹಿಂದೆ ಒಬ್ಬರನ್ನು ಕೂರಿಸಿಕೊಂಡ ಮೋಟಾರುಸೈಕಲ್ಲಿನ ಚೈನಿನ ಮೇಲೆ ಬೀಳುವ ಎಳೆತ ಸಾಮಾನ್ಯವಾದುದಲ್ಲ. ನೀರು, ಮರಳು, ಉಪ್ಪು, ಏರು ಈ ನಾಲ್ಕೂ ಕೂಡಿದ ಊರಿನಲ್ಲಿ ಚೈನಿನ ಆಯುಸ್ಸು ಚಿಕ್ಕದಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಂದು ಮೋಟಾರುಸೈಕಲ್ಲುಗಳಲ್ಲಿ ಕಾಣುವ ಚೈನಿನ ರೂಪವನ್ನು 1880ರಲ್ಲಿ ಸಿದ್ಧಗೊಳಿಸಿದವನು ಹ್ಯಾನ್ಸ್ ರೆನೋಲ್ಡ್. ಈತ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದವನು. ಅದೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಅದಕ್ಕೆ ಹದಿನೈದು ವರ್ಷ ಮೊದಲು, 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಿದ್ದರು. ಒಂದು ದೇಶದ ಜನ ಮಂಗಳೂರಿನ ಮಾಡಿಗೆ ಹಂಚನ್ನೂ, ಎಷ್ಟೋ ಕಾಲದ ಮೇಲೆ ಮಂಗಳೂರಿನ ಗಾಲಿಗೆ ಚೈನನ್ನೂ ಒದಗಿಸಿದಂತಾಯಿತು. ಹಂಚು ಮಳೆಯನ್ನು ತಡೆಯಿತು. ಚೈನು ಅದೇ ಮಳೆಯಲ್ಲಿ ನೆನೆಯುತ್ತಿದೆ.

ರೆನೋಲ್ಡನ ಯೋಜನೆ ನೋಡುವುದಕ್ಕೆ ಸರಳವಾದುದು. ಎರಡು ಹೊರಫಲಕಗಳನ್ನು ಎರಡು ಪಿನ್ನುಗಳು ಕೂಡಿಸುತ್ತವೆ. ಎರಡು ಒಳಫಲಕಗಳನ್ನು ಎರಡು ಟೊಳ್ಳಾದ ಬುಷ್ಷುಗಳು ಕೂಡಿಸುತ್ತವೆ. ಪಿನ್ನು ಬುಷ್ಷಿನೊಳಗೆ ಹೊಕ್ಕು ತಿರುಗುತ್ತದೆ. ಬುಷ್ಷಿನ ಹೊರಮೈಯಲ್ಲಿ ಒಂದು ರೋಲರು ಸಡಿಲವಾಗಿ ಉರುಳುತ್ತಿರುತ್ತದೆ; ಹಲ್ಲುಗಾಲಿಯ, ಎಂದರೆ ಅಂಗಡಿಯವರು ಸ್ಪ್ರಾಕೆಟ್ಟು ಎನ್ನುವುದರ, ಹಲ್ಲುಗಳ ನಡುವೆ ಕೂರುವುದು ಈ ರೋಲರೇ. ಹೊರಕೊಂಡಿಯೊಂದು, ಒಳಕೊಂಡಿಯೊಂದು ಹೀಗೆ ಸಾಲಾಗಿ ಬಂದು ಬಳೆಯಂತೆ ಮುಚ್ಚಿಕೊಳ್ಳುತ್ತವೆ. ಸಾಮಾನ್ಯ ಮೋಟಾರುಸೈಕಲ್ಲುಗಳಲ್ಲಿ ಒಂದು ಪಿನ್ನಿನ ನಡುಭಾಗದಿಂದ ಮುಂದಿನ ಪಿನ್ನಿನ ನಡುಭಾಗದವರೆಗಿನ ಅಂತರ 12.7 ಮಿಲಿಮೀಟರು, ಅರ್ಥಾತ್ ಸರಿಯಾಗಿ ಅರ್ಧ ಅಂಗುಲ. ಇಂಥ 118 ಕೊಂಡಿಗಳ ಒಂದು ಚೈನನ್ನು ಬಿಡಿಸಿ ಹರಡಿದರೆ ಫಲಕ, ಪಿನ್ನು, ಬುಷ್ಷು, ರೋಲರು ಎಲ್ಲ ಸೇರಿ ಸುಮಾರು 590 ತುಂಡುಗಳಾಗುತ್ತವೆ. ಅಷ್ಟು ತುಂಡುಗಳು ಪರಸ್ಪರ ಉಜ್ಜಿಕೊಂಡು ಬಾಳಬೇಕು. ಅವುಗಳ ನಡುವೆ ಇರುವ ಸ್ನೇಹವೆಂದರೆ ಎಣ್ಣೆಯ ಒಂದು ತೆಳುಪದರವಷ್ಟೆ.

ಆ ಪದರ ಆರಿದಾಗ ಏನಾಗುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕವೊಂದು ಸಾಕು. ಹಂಪನಕಟ್ಟೆಯಿಂದ ಸುರತ್ಕಲ್ಲಿಗೆ ಸುಮಾರು 16 ಕಿಲೋಮೀಟರು. ಗಾಲಿಯ ಸುತ್ತಳತೆ 1.9 ಮೀಟರು, ಹಿಂದಿನ ಸ್ಪ್ರಾಕೆಟ್ಟಿಗೆ 42 ಹಲ್ಲು, ಚೈನಿಗೆ 118 ಕೊಂಡಿ ಎಂದಿಟ್ಟುಕೊಂಡರೆ, ಅಷ್ಟು ದಾರಿಯಲ್ಲಿ ಚೈನು ಸುಮಾರು 3,000 ಸುತ್ತು ತಿರುಗುತ್ತದೆ. ಒಂದೊಂದು ಸುತ್ತಿನಲ್ಲಿ ಪ್ರತಿಯೊಂದು ಕೀಲೂ ನಾಲ್ಕು ಸಲ ಬಾಗಬೇಕು ಅಥವಾ ನೆಟ್ಟಗಾಗಬೇಕು: ಹಿಂದಿನ ಸ್ಪ್ರಾಕೆಟ್ಟನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಮುಂದಿನದನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಮತ್ತೊಮ್ಮೆ. ಎಂದರೆ ಒಂದು ಹೊತ್ತಿನ ಪ್ರಯಾಣಕ್ಕೆ ಪ್ರತಿ ಪಿನ್ನೂ ತನ್ನ ಬುಷ್ಷಿನೊಳಗೆ 12,000 ಸಲ ಹೊರಳುತ್ತದೆ. ಹೋಗಿ ಬರುವುದಕ್ಕೆ 24,000 ಸಲ. ದಿನವೂ ಸುರತ್ಕಲ್ಲಿನ ಕಡೆಗೆ ಕೆಲಸಕ್ಕೆ ಹೋಗಿ ಬರುವ ಗೃಹಸ್ಥನಿಗೆ ಸಂಜೆ ಬೆನ್ನು ನೋಯುವುದುಂಟು. ಚೈನಿಗೂ ಒಂದು ಬೆನ್ನುಂಟೆಂಬುದನ್ನು ಅವನು ಅರಿತಿರುವುದಿಲ್ಲ.

ಈ ಹೊರಳಾಟದ ನಡುವೆ ಮರಳಿನ ಕಣವೊಂದು ಪಿನ್ನಿಗೂ ಬುಷ್ಷಿಗೂ ಮಧ್ಯೆ ಸೇರಿದರೆ, ಉಳಿದ ಎಣ್ಣೆಯೊಡನೆ ಕಲೆತು ಅದು ಸಾಣೆ ಹಿಡಿಯುವ ಲೇಪವಾಗುತ್ತದೆ. ಪಿನ್ನು ಒಂದಿಷ್ಟು ಸಣ್ಣದಾಗುತ್ತದೆ. ಬುಷ್ಷಿನ ತೂತು ಒಂದಿಷ್ಟು ದೊಡ್ಡದಾಗುತ್ತದೆ. ಒಂದೊಂದು ಕೀಲಿನಲ್ಲಿ ಆದ ನಷ್ಟ ಒಂದು ಕೂದಲೆಳೆಯ ದಪ್ಪದಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಎಂದುಕೊಳ್ಳೋಣ. 118 ಕೀಲುಗಳ ನಷ್ಟವನ್ನು ಕೂಡಿಸಿದರೆ 11.8 ಮಿಲಿಮೀಟರು, ಹತ್ತಿರ ಹತ್ತಿರ ಒಂದು ಕೊಂಡಿಯ ಉದ್ದ! ಹನಿಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಹಿರಿಯರು ಉಳಿತಾಯಕ್ಕೆ ಹೇಳಿದರು. ನಷ್ಟಕ್ಕೂ ಅದೇ ಗಾದೆ ಸಲ್ಲುತ್ತದೆ.

ಚೈನು ಹಿಗ್ಗಿದೆ ಎಂದು ಜನ ಆಡುವ ಮಾತಿನಲ್ಲಿರುವ ತಪ್ಪು ಇಲ್ಲಿ ಗೊತ್ತಾಗುತ್ತದೆ. ಚೈನು ರಬ್ಬರಲ್ಲ, ಹಿಗ್ಗುವುದಿಲ್ಲ. ಅದರ ಉಕ್ಕಿನ ಫಲಕಗಳು ಮೊದಲ ದಿನ ಎಷ್ಟು ಉದ್ದವಿದ್ದವೋ ಕೊನೆಯ ದಿನವೂ ಅಷ್ಟೇ ಉದ್ದ. ಅದು ಬೆಳೆದುದರಿಂದ ಉದ್ದವಾದುದಲ್ಲ, ಸವೆದುದರಿಂದ ಉದ್ದವಾದುದು. ಸರಪಳಿಯ ಬಲವೆಲ್ಲ ಅದರ ಅತಿ ದುರ್ಬಲವಾದ ಕೊಂಡಿಯಲ್ಲಿದೆ ಎಂಬ ಹಳೆಯ ಮಾತು ಸುಳ್ಳಲ್ಲ. ಆದರೆ ಮೋಟಾರುಸೈಕಲ್ಲಿನ ಚೈನು ಮುದಿಯಾಗುವುದು ಒಂದು ಕೊಂಡಿಯ ದೋಷದಿಂದಲ್ಲ. ಎಲ್ಲ ಕೊಂಡಿಗಳೂ ಸ್ವಲ್ಪ ಸ್ವಲ್ಪ ಸೋತುದರಿಂದ. ಯಾವುದೊಂದನ್ನು ಹಿಡಿದು ನೋಡಿದರೂ ಅದರಲ್ಲಿ ದೋಷ ಕಾಣುವುದಿಲ್ಲ. ಆದುದರಿಂದಲೇ ಅದನ್ನು ನೋಡಿ ತಿಳಿಯಲಾಗದು, ಅಳೆದು ತಿಳಿಯಬೇಕು.

ಸಡಿಲ ಮತ್ತು ಸವೆತ ಎಂಬ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಇರಿಸಿಕೊಳ್ಳಬೇಕಾದುದೂ ಇದೇ ಕಾರಣಕ್ಕೆ. ಚೈನು ಉದ್ದವಾದಷ್ಟೂ ಕೆಳಗೆ ಜೋಲುತ್ತದೆ; ಅದು ಸಡಿಲ. ಹಿಂದಿನ ಗಾಲಿಯ ಅಚ್ಚನ್ನು ತುಸು ಹಿಂದಕ್ಕೆ ಸರಿಸಿದರೆ ಸಡಿಲ ಮಾಯವಾಗುತ್ತದೆ. ಅದಕ್ಕೆ ಎರಡು ಸ್ಪ್ಯಾನರು, ಹತ್ತು ನಿಮಿಷದ ಹೊತ್ತು ಸಾಕು. ಸವಾರನಿಗೆ ಸಂತೋಷ, ಸದ್ದು ನಿಂತಿತು, ಗಾಡಿ ಸರಿಯಾಯಿತು. ಆದರೆ ಸರಿಯಾದುದು ಸಡಿಲ ಮಾತ್ರ. ಸವೆತ ಇದ್ದಲ್ಲೇ ಇದೆ. ಬಿಗಿ ಮಾಡುವುದೆಂದರೆ ಸಾಲದ ಚೀಟಿಯನ್ನು ಪೆಟ್ಟಿಗೆಯ ತಳಕ್ಕೆ ಸರಿಸಿಟ್ಟಂತೆ. ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಹೀಗೆ ನಾಲ್ಕಾರು ಸಲ ಬಿಗಿ ಮಾಡಿಸಿಕೊಂಡ ಚೈನು ಒಂದು ದಿನ ಸರಿಸುವುದಕ್ಕೆ ಸ್ಥಳವೇ ಇಲ್ಲದ ಘಟ್ಟವನ್ನು ಮುಟ್ಟುತ್ತದೆ. ಕೆಲವರು ಅಲ್ಲಿಯೂ ನಿಲ್ಲದೆ ಒಂದೆರಡು ಕೊಂಡಿಗಳನ್ನು ಕಿತ್ತುಹಾಕಿಸಿ ಮತ್ತೆ ಓಡಿಸುವುದುಂಟು. ಅದು ಜಾಣತನವಲ್ಲ, ಉಳಿದ ಕೊಂಡಿಗಳೆಲ್ಲ ಅಷ್ಟೇ ಸವೆದಿರುತ್ತವೆ.

ಬಂದರಿನ ದಕ್ಕೆಯಿಂದ ಮೋಟಾರುಸೈಕಲ್ಲಿನಲ್ಲಿ ಮೀನು ಕೊಂಡೊಯ್ದು ಮಾರುವ ವ್ಯಾಪಾರಿಗಳನ್ನು ಈ ಕರಾವಳಿಯಲ್ಲಿ ನೋಡದವರಿಲ್ಲ. ಹಿಂದೆ ಒಂದು ದೊಡ್ಡ ಪೆಟ್ಟಿಗೆ. ಅದರಲ್ಲಿ ಮಂಜುಗಡ್ಡೆಯ ನಡುವೆ ಬಂಗುಡೆ, ಬೂತಾಯಿ. ಮಂಜುಗಡ್ಡೆ ಕರಗಿದಂತೆಲ್ಲ ಉಪ್ಪುನೀರು ತೊಟ್ಟಿಕ್ಕುತ್ತ ಹೋಗುತ್ತದೆ. ಅದು ಬೀಳುವುದು ಎಲ್ಲಿಗೆ? ಕೆಳಗಿರುವ ಗಾಲಿಗೆ ಮತ್ತು ಚೈನಿಗೆ. ಮಳೆ ನಾಲ್ಕು ತಿಂಗಳಿನದು. ಇವರ ಚೈನಿಗೆ ಮಾತ್ರ ವರ್ಷದ ಬಹುಭಾಗವೂ ಮಳೆಗಾಲವೇ, ಅದೂ ಉಪ್ಪುನೀರಿನ ಮಳೆ. ಇನ್ನು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ದಕ್ಕೆಯ ಗಲಾಟೆ ಅಡಗುತ್ತದೆ. ಅನೇಕ ಗಾಡಿಗಳು ಮಾಡಿನ ಕೆಳಗೆ ನಿಂತುಬಿಡುತ್ತವೆ. ಓಡುವ ಚೈನು ಸವೆಯುತ್ತದೆ. ಉಪ್ಪು ಹಿಡಿದು ನಿಂತ ಚೈನು ತುಕ್ಕು ಹಿಡಿಯುತ್ತದೆ. ಎರಡರಲ್ಲಿ ಯಾವುದು ಮೇಲೆಂದು ಹೇಳುವುದು ಕಷ್ಟ.

ತೊಕ್ಕೊಟ್ಟಿನ ಅಂಥ ಒಬ್ಬ ವ್ಯಾಪಾರಿ ಜುಲೈ ತಿಂಗಳ ಕೊನೆಯ ವಾರದಲ್ಲಿ ತನ್ನ ಗಾಡಿಯನ್ನು ಕಂಕನಾಡಿಯ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ಕನ ಬಳಿಗೆ ತಂದನು. ಎರಡು ತಿಂಗಳಿಂದ ಸಂಪಾದನೆ ತೆಳುವಾಗಿತ್ತು. ಶಾಲೆಗೆ ಮಗಳ ಶುಲ್ಕ ಕಟ್ಟಿ ಆಗಿತ್ತು, ಅಂಗಡಿಯ ಬಾಕಿ ಹಾಗೆಯೇ ಉಳಿದಿತ್ತು. ಅವನ ಬೇಡಿಕೆ ದೊಡ್ಡದಾಗಿರಲಿಲ್ಲ.

"ಚೈನು ಲೂಸುಂಟು. ಒಮ್ಮೆ ಟೈಟು ಮಾಡಿ ಕೊಡಿ ಮಾರಾಯ್ರೆ, ಒಂದನೆ ತಾರೀಕಿಗೆ ದೋಣಿ ಇಳಿಯುತ್ತದೆ" ಎಂದನು.

ಮೆಕ್ಯಾನಿಕ್ಕನು ಸ್ಪ್ಯಾನರನ್ನು ಕೈಗೆತ್ತಿಕೊಳ್ಳಲಿಲ್ಲ. ಚೈನಿನ ಕೆಸರನ್ನು ಸೀಮೆಎಣ್ಣೆಯಿಂದ ತೊಳೆದನು. ಅಚ್ಚನ್ನು ಸರಿಸಿ ಚೈನನ್ನು ಸ್ವಲ್ಪ ಹೊತ್ತಿನ ಮಟ್ಟಿಗೆ ಬಿಗಿಯಾಗಿ ನಿಲ್ಲಿಸಿದನು. ಶಾಲೆಯ ಮಕ್ಕಳು ಬಳಸುವ 30 ಸೆಂಟಿಮೀಟರಿನ ಅಳತೆಪಟ್ಟಿಯೊಂದನ್ನು ತೆಗೆದು ನೆಟ್ಟಗಿರುವ ಭಾಗಕ್ಕೆ ಹಿಡಿದನು. ಮೊದಲನೆಯ ಪಿನ್ನಿನ ನಡುವಿನಿಂದ ಎಣಿಸಿಕೊಂಡು ಇಪ್ಪತ್ತೊಂದನೆಯ ಪಿನ್ನಿನ ನಡುವಿನವರೆಗೆ, ಎಂದರೆ 20 ಕೊಂಡಿಗಳ ಉದ್ದ. ಹೊಸತರಲ್ಲಿ ಅದು 254 ಮಿಲಿಮೀಟರು ಇರುತ್ತದೆ. ಈ ಅಳತೆಯ ಚೈನು 259ನ್ನು ಮುಟ್ಟಿತೆಂದರೆ, ಎಂದರೆ ನೂರಕ್ಕೆ ಎರಡರಷ್ಟು ಉದ್ದವಾಯಿತೆಂದರೆ, ಅದರ ಕೆಲಸ ಮುಗಿಯಿತೆಂದು ಲೆಕ್ಕ. ಗಾಲಿಯನ್ನು ತಿರುಗಿಸುತ್ತ ಮೆಕ್ಯಾನಿಕ್ಕನು ಮೂರು ಕಡೆ ಅಳೆದನು. ಒಂದು ಕಡೆ 257 ಬಂತು. ಇನ್ನೊಂದು ಕಡೆ 258. ಮೂರನೆಯ ಕಡೆ 260.

ಮೀನನ್ನು ತೂಗಿ ಮಾರುವವನಿಗೆ ಚೌಕಾಸಿ ಹೊಸದಲ್ಲ. "ಮೂರನ್ನೂ ಕೂಡಿಸಿ ಸರಾಸರಿ ಹಿಡಿಯಿರಿ. 259ರ ಒಳಗೇ ಬರುತ್ತದಲ್ಲ?" ಎಂದನು.

ಲೆಕ್ಕ ಸರಿಯಾಗಿಯೇ ಇತ್ತು. ಮೆಕ್ಯಾನಿಕ್ಕನು ನಕ್ಕನು. "ಸರಾಸರಿ ತಕ್ಕಡಿಯಲ್ಲಿ ನಡೆಯುತ್ತದೆ. ಚೈನು ತುಂಡಾಗುವಾಗ ಸರಾಸರಿ ನೋಡಿ ತುಂಡಾಗುವುದಿಲ್ಲ. ಟೈಟು ಮಾಡಲಿಕ್ಕೆ ಇನ್ನೂ ಒಂದು ಗೆರೆ ಜಾಗ ಉಂಟು. ಮಾಡಿ ಕೊಡಬಹುದು. ಮಾಡಿದರೆ ಹೊಸತಾಗುವುದು ಚೈನಲ್ಲ, ನಿಮ್ಮ ಧೈರ್ಯ ಮಾತ್ರ" ಎಂದನು. ತುಸು ಹೊತ್ತು ಬಿಟ್ಟು, "ಪೆಟ್ಟಿಗೆ ಇಲ್ಲದ ದಿನ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?" ಎಂದು ಕೇಳಿದನು.

ಆ ಎರಡು ತಿಂಗಳು ಅಲ್ಲಿ ಕೂತು ಶಾಲೆಗೆ ಹೋಗಿ ಬಂದವಳು ಮಗಳು. ವ್ಯಾಪಾರಿ ಉತ್ತರ ಕೊಡಲಿಲ್ಲ. ದಕ್ಕೆಯಿಂದ ಹೊರಟು ನೇತ್ರಾವತಿ ಸೇತುವೆಯನ್ನು ದಾಟಿ, ತೊಕ್ಕೊಟ್ಟಿನಿಂದ ದೇರಳಕಟ್ಟೆಯ ಏರನ್ನು ಹತ್ತುವುದು ಅವನ ನಿತ್ಯದ ದಾರಿ. ಸೇತುವೆಯ ಮೇಲೆ ಹಿಂದಿನಿಂದ ಲಾರಿಗಳು ಬರುತ್ತಿರುವಾಗ ಗಾಡಿ ಹಠಾತ್ತನೆ ಬಲ ಕಳೆದುಕೊಂಡರೆ ಏನಾದೀತೆಂಬುದನ್ನು ಯಾರೂ ಅವನಿಗೆ ವಿವರಿಸಬೇಕಾಗಿರಲಿಲ್ಲ. ತುಂಡಾದ ಚೈನು ಬರಿದೆ ಕೆಳಗೆ ಬಿದ್ದುಹೋದರೆ ಅದು ಭಾಗ್ಯವೆನ್ನಬೇಕು. ಅದು ಮುಂದಿನ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡರೆ ಎಂಜಿನಿನ ಕವಚವನ್ನೇ ಒಡೆಯಬಹುದು. ಹಿಂದಿನ ಗಾಲಿಗೆ ಸಿಕ್ಕಿಕೊಂಡರೆ ಗಾಲಿ ಕಚ್ಚಿ ನಿಂತು, ಸವಾರ ನೆಲಕ್ಕೆ ಬೀಳುತ್ತಾನೆ. ಕೊನೆಗೆ ಒಪ್ಪಂದವಾಯಿತು. ಅರ್ಧ ಹಣ ಅಂದು, ಉಳಿದ ಅರ್ಧ ಬಂಗುಡೆ ಬಂದ ಮೇಲೆ.

ಚೈನೊಂದನ್ನೇ ಹಾಕಿದರೆ ಸಾಲದೆ, ಸ್ಪ್ರಾಕೆಟ್ಟುಗಳೂ ಏಕೆ ಎಂದು ಅವನು ಕೇಳಿದುದು ಸಹಜವೇ. ಸವೆದ ಚೈನಿನ ಕೊಂಡಿಗಳ ಅಂತರ ಹೆಚ್ಚಾಗಿರುತ್ತದೆ. ಹಲ್ಲುಗಳ ಅಂತರ ಮೊದಲಿನಷ್ಟೇ ಇರುತ್ತದೆ. ಎರಡಕ್ಕೂ ಹೊಂದಿಕೆ ತಪ್ಪಿದಾಗ ರೋಲರು ಹಲ್ಲಿನ ಬುಡದಲ್ಲಿ ಕೂರದೆ ತುದಿಯ ಕಡೆಗೆ ಏರುತ್ತದೆ. ಆಗ ಭಾರವೆಲ್ಲ ಕೆಲವೇ ಹಲ್ಲುಗಳ ಮೇಲೆ ಬಿದ್ದು, ಅವು ಒಂದು ಪಕ್ಕಕ್ಕೆ ಸವೆದು, ಕೊಕ್ಕೆಯಂತೆ ಬಾಗುತ್ತವೆ. ಅಂಥ ಹಲ್ಲುಗಳ ಮೇಲೆ ಹೊಸ ಚೈನನ್ನು ಓಡಿಸಿದರೆ ಆ ಕೊಕ್ಕೆಗಳು ಹೊಸತನ್ನೂ ಬೇಗನೆ ಹಳತು ಮಾಡುತ್ತವೆ. ಹೀಗಾಗಿ ಚೈನು ಮತ್ತು ಎರಡು ಸ್ಪ್ರಾಕೆಟ್ಟುಗಳನ್ನು ಒಟ್ಟಿಗೆ ಬದಲಿಸುವುದೇ ಪದ್ಧತಿ. ಮೂರರಲ್ಲಿ ಒಂದನ್ನು ಉಳಿಸಿದವನು ಮೂರನ್ನೂ ಕಳೆದುಕೊಳ್ಳುತ್ತಾನೆ.

ಹಳೆಯ ಚೈನನ್ನು ವ್ಯಾಪಾರಿ ಗುಜರಿಗೆ ಹಾಕದೆ ಕೇಳಿ ತೆಗೆದುಕೊಂಡನು. ಹೊಸತನ್ನು ಗಾಡಿಗೆ ಏರಿಸುವ ಮೊದಲು ಮೆಕ್ಯಾನಿಕ್ಕನು ಎರಡನ್ನೂ ಗೋಡೆಯ ಮೇಲೆ ಒಂದೇ ಎತ್ತರದ ಎರಡು ಮೊಳೆಗಳಿಗೆ ತೂಗುಹಾಕಿ ತೋರಿಸಿದನು. ಎರಡರಲ್ಲಿಯೂ ಇದ್ದುದು 118 ಕೊಂಡಿ, ಎಣಿಸಿ ನೋಡಬಹುದಾಗಿತ್ತು. ಆದರೂ ಹಳೆಯದರ ತುದಿ ಹೊಸತಿಗಿಂತ ಎರಡೂವರೆ ಸೆಂಟಿಮೀಟರು ಕೆಳಗೆ ಇಳಿದಿತ್ತು, ಸರಿಯಾಗಿ ಎರಡು ಕೊಂಡಿಗಳ ಉದ್ದ. ಆ ಎರಡು ಕೊಂಡಿಗಳನ್ನು ಯಾರೂ ಸೇರಿಸಿರಲಿಲ್ಲ. ಅವು ದಕ್ಕೆಯಿಂದ ದೇರಳಕಟ್ಟೆಯವರೆಗಿನ ದಾರಿಯಲ್ಲಿ, ಒಂದೊಂದು ಪಿನ್ನಿನಿಂದ ಕೂದಲೆಳೆಯಷ್ಟು ಕಳೆದುಹೋದ ಉಕ್ಕಿನಿಂದ ಹುಟ್ಟಿದವು. ವ್ಯಾಪಾರಿ ಬಹಳ ಹೊತ್ತು ಆ ಎರಡು ತುದಿಗಳನ್ನೇ ನೋಡುತ್ತ ನಿಂತನು. ಬೆಲೆಯ ಮಾತು ಮತ್ತೆ ಬರಲಿಲ್ಲ.

ಈ ಪರೀಕ್ಷೆಗೆ ಮೆಕ್ಯಾನಿಕ್ಕನೇ ಬೇಕೆಂದಿಲ್ಲ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನನ್ನು ನಿಲ್ಲಿಸಿ, ಗೃಹಸ್ಥನು ತಾನೇ ನೋಡಬಹುದು. ಎಂಜಿನು ನಿಲ್ಲಿಸಿ ಎಂಬ ಮಾತನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ಗಾಲಿ ತಾನಾಗಿ ತಿರುಗಿದರೆ ಒರೆಸುವ ಕೆಲಸ ಸುಲಭವೆಂದು ಎಂಜಿನು ಓಡುತ್ತಿರುವಾಗಲೇ ಚೈನಿಗೆ ಬಟ್ಟೆ ಹಿಡಿಯುವವರುಂಟು. ಚೈನು ಬಟ್ಟೆಯನ್ನು ಹಿಡಿಯುತ್ತದೆ, ಬಟ್ಟೆ ಬೆರಳನ್ನು ಎಳೆಯುತ್ತದೆ, ಸ್ಪ್ರಾಕೆಟ್ಟು ಬೆರಳನ್ನು ಕತ್ತರಿಸುತ್ತದೆ. ಇದಕ್ಕೆ ಒಂದು ಕ್ಷಣ ಸಾಕು. ಗಾಲಿಯನ್ನು ಕೈಯಿಂದ ತಿರುಗಿಸುವುದು ನಿಧಾನ. ಆದರೆ ಹತ್ತು ಬೆರಳೂ ಉಳಿಯುತ್ತವೆ.

ಮೊದಲು ನೋಡಬೇಕಾದುದು ಸಡಿಲವನ್ನು. ಎರಡು ಸ್ಪ್ರಾಕೆಟ್ಟುಗಳ ನಡುಮಧ್ಯದಲ್ಲಿ ಕೆಳಗಿನ ಚೈನನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಆಡಿಸಿದಾಗ ಅನೇಕ ಗಾಡಿಗಳಲ್ಲಿ 20ರಿಂದ 30 ಮಿಲಿಮೀಟರಿನಷ್ಟು ಆಡಬೇಕು. ಸರಿಯಾದ ಅಂಕಿ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಗಾಲಿಯನ್ನು ತಿರುಗಿಸುತ್ತ ನಾಲ್ಕಾರು ಕಡೆ ಹೀಗೆ ನೋಡಬೇಕು. ಒಂದೆಡೆ ಬಿಗಿ, ಒಂದೆಡೆ ಸಡಿಲ ಇದ್ದರೆ ಚೈನು ಒಂದೇ ಸಮನಾಗಿ ಸವೆದಿಲ್ಲವೆಂದು ತಿಳಿಯಬೇಕು. ಸರಿಪಡಿಸುವಾಗ ಅತಿ ಬಿಗಿಯಾದ ಸ್ಥಳವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಅತಿಯಾದ ಬಿಗಿಯೂ ಗುಣವಲ್ಲ. ಹಳ್ಳ ಬಂದು ಹಿಂದಿನ ಗಾಲಿ ಮೇಲೆದ್ದಾಗ ಚೈನಿಗೆ ಸ್ವಲ್ಪ ಸಡಿಲ ಬೇಕೇ ಬೇಕು. ಇಲ್ಲವಾದರೆ ಎಳೆತವೆಲ್ಲ ಬೇರಿಂಗುಗಳ ಮೇಲೆ ಬೀಳುತ್ತದೆ. ಅಚ್ಚನ್ನು ಸರಿಸಿದಾಗ ಎರಡೂ ಪಕ್ಕದ ಗೆರೆಗಳು ಸಮನಾಗಿರಬೇಕು. ಇಲ್ಲದಿದ್ದರೆ ಗಾಲಿ ಓರೆಯಾಗಿ, ಚೈನು ಹಲ್ಲಿನ ಪಕ್ಕವನ್ನು ತಿನ್ನುತ್ತದೆ.

ಎರಡನೆಯದು ಸವೆತ. ಅಳತೆಪಟ್ಟಿ ಇಲ್ಲದಿದ್ದರೂ ಒಂದು ಸುಲಭವಾದ ಉಪಾಯವುಂಟು. ಹಿಂದಿನ ಸ್ಪ್ರಾಕೆಟ್ಟಿನ ಅತ್ಯಂತ ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಡಿದು ನೇರವಾಗಿ ಹಿಂದಕ್ಕೆ ಎಳೆಯಬೇಕು. ಅದು ಕದಲದೆ ಅಂಟಿಕೊಂಡಿದ್ದರೆ ಸಂತೋಷ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಬದಲಿಸುವ ಕಾಲ ಬಂದಿದೆ. ನಿಶ್ಚಯಕ್ಕೆ ಮಾತ್ರ 20 ಕೊಂಡಿಗಳ ಅಳತೆಯೇ ಬೇಕು, ಅದನ್ನು ಮೂರು ನಾಲ್ಕು ಕಡೆ ತೆಗೆಯಬೇಕು, ಬಂದುದರಲ್ಲಿ ಹೆಚ್ಚಿನದನ್ನೇ ನಂಬಬೇಕು. ದೊಡ್ಡ ಗಾಡಿಗಳ ಚೈನಿನಲ್ಲಿ ಕೊಂಡಿಯ ಅಂತರ 15.875 ಮಿಲಿಮೀಟರು ಇರುವುದರಿಂದ 20 ಕೊಂಡಿಗೆ 317.5 ಆಗುತ್ತದೆ, ಅದಕ್ಕೆ ಮಿತಿ ತಯಾರಕನಿಂದ ತಯಾರಕನಿಗೆ ಬೇರೆಯಾಗಿದ್ದು, ಕೆಲವು ಗಾಡಿಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಮೂರನೆಯದಾಗಿ ಕಣ್ಣಿನ ಕೆಲಸ: ಬಾಗದೆ ಸೆಟೆದುಕೊಂಡ ಕೀಲು, ಒಡೆದ ರೋಲರು, ಕೆಂಪು ತುಕ್ಕು, ಕೊಕ್ಕೆಯಾದ ಹಲ್ಲು. ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿಗೆ ಸ್ಪ್ರಿಂಗಿನ ಕ್ಲಿಪ್ಪಿದ್ದರೆ, ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖ ಮಾಡಿರಬೇಕು. ತಿರುವುಮುರುವಾಗಿ ಹಾಕಿದರೆ ಯಾವುದಾದರೊಂದು ತಗಲಿ ಕ್ಲಿಪ್ಪು ಕಳಚಿಹೋಗುವ ಭಯವುಂಟು.

ತೊಳೆಯುವುದಕ್ಕೆ ಸೀಮೆಎಣ್ಣೆ ಮತ್ತು ಮೃದುವಾದ ಕುಂಚ, ಒರೆಸುವುದಕ್ಕೆ ಹಳೆಯ ಬಟ್ಟೆ, ಹಚ್ಚುವುದಕ್ಕೆ ಗೇರು ಎಣ್ಣೆ ಅಥವಾ ಚೈನಿಗೆಂದೇ ಮಾಡಿದ ಎಣ್ಣೆ, ಇಷ್ಟೇ ಸಾಮಗ್ರಿ. ಕೆಲವು ಚೈನುಗಳಲ್ಲಿ ಫಲಕಗಳ ನಡುವೆ ಸಣ್ಣ ರಬ್ಬರಿನ ಬಳೆಗಳಿದ್ದು ಒಳಗಿನ ಗ್ರೀಸನ್ನು ಕಾಯುತ್ತವೆ. ಅಂಥವಕ್ಕೆ ಪೆಟ್ರೋಲನ್ನಾಗಲಿ ತಂತಿಯ ಕುಂಚವನ್ನಾಗಲಿ ತಾಗಿಸಬಾರದು. ಬಳೆ ಕೆಟ್ಟರೆ ಒಳಗಿನ ಗ್ರೀಸು ಹೋಯಿತು, ಅದನ್ನು ಮತ್ತೆ ತುಂಬುವ ದಾರಿಯಿಲ್ಲ. ಮಂಗಳೂರಿನಲ್ಲಿ ಮೇ ತಿಂಗಳ ಕೊನೆಗೆ ಒಮ್ಮೆ, ಮಳೆಯ ನಡುವೆ ಒಂದೆರಡು ಸಲ, ನವರಾತ್ರಿಯ ಆಯುಧಪೂಜೆಯ ಹೊತ್ತಿಗೆ ಮತ್ತೊಮ್ಮೆ ಅಳೆದು ನೋಡಿದರೆ ಒಳ್ಳೆಯದು. ಎಣ್ಣೆಯನ್ನಂತೂ ಮಳೆಗಾಲದಲ್ಲಿ ನೆನೆದ ಪ್ರಯಾಣವಾದಾಗಲೆಲ್ಲ, ಗಾಡಿ ಒಣಗಿದ ಮೇಲೆ ಹಚ್ಚಬೇಕು. ಆಯುಧಪೂಜೆಯ ದಿನ ಗಾಡಿಗೆ ಕುಂಕುಮ ಹಚ್ಚಿ ಹೂವು ಮುಡಿಸುವವರು ಅನೇಕರು. ಅದೇ ದಿನ ಚೈನಿಗೆ ಎರಡು ಹನಿ ಎಣ್ಣೆ ಬಿದ್ದರೆ ಆಯುಧಕ್ಕೆ ಸಂದ ಪೂಜೆ ಸಂಪೂರ್ಣವಾದಂತೆ.

ಚೈನನ್ನು ಮುಚ್ಚಿಟ್ಟರೆ ಈ ಕಷ್ಟವೇ ಇಲ್ಲವಲ್ಲ ಎಂದು ಓದುಗರು ಕೇಳಬಹುದು. ಕರ್ನಾಟಕದಲ್ಲಿಯೇ ಅಂಥದೊಂದು ಗಾಡಿ ತಯಾರಾಗುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬರತೊಡಗಿದ ಜಾವಾ, ಮುಂದೆ ಯೆಜ್ಡಿ ಎಂಬ ಹೆಸರು ಪಡೆದ ಆ ಮೋಟಾರುಸೈಕಲ್ಲುಗಳಲ್ಲಿ ಚೈನು ಪೂರ್ತಿಯಾಗಿ ಕವಚದೊಳಗೆ ಅಡಗಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಕವಚದ ಬುದ್ಧಿವಂತಿಕೆ ಮಾತ್ರ ಹಳತಾಗಲಿಲ್ಲ. ಇಂದಿಗೂ ನಿತ್ಯೋಪಯೋಗದ ಅನೇಕ ಗಾಡಿಗಳಲ್ಲಿ ಮುಚ್ಚಿದ ಚೈನು ಉಂಟು, ಅದು ತೆರೆದ ಚೈನಿಗಿಂತ ಹೆಚ್ಚು ಕಾಲ ಬಾಳುವುದೂ ಉಂಟು. ಆದರೆ ಕವಚ ಧೂಳನ್ನು ತಡೆಯುವಂತೆ ಸವಾರನ ಕಣ್ಣನ್ನೂ ತಡೆಯುತ್ತದೆ. ಕವಚದಲ್ಲಿ ಒಂದು ಸಣ್ಣ ತೂತಿದ್ದು, ಅದಕ್ಕೆ ರಬ್ಬರಿನ ಮುಚ್ಚಳವಿರುವುದನ್ನು ಗಾಡಿ ಕೊಂಡು ಹತ್ತು ವರ್ಷವಾದರೂ ಗಮನಿಸದವರುಂಟು. ಆ ಮುಚ್ಚಳವಿರುವುದು ತೆಗೆದು ನೋಡುವುದಕ್ಕಾಗಿಯೇ.

ಎಷ್ಟು ಮಾಡಿದರೂ ಸವೆತವನ್ನು ನಿಲ್ಲಿಸುವುದು ಯಾರಿಂದಲೂ ಆಗದು. ದುಡಿಯುವ ವಸ್ತುವೆಲ್ಲ ಸವೆಯುತ್ತದೆ. ಸವೆಯದಿರಬೇಕಾದರೆ ದುಡಿಯದೆ ಇರಬೇಕು, ಹಾಗಿದ್ದರೂ ಕಡಲ ತೀರದಲ್ಲಿ ತುಕ್ಕು ಬಿಡುವುದಿಲ್ಲ. ಮನುಷ್ಯನ ಕೈಯಲ್ಲಿರುವುದು ಅದನ್ನು ನಿಧಾನಗೊಳಿಸುವುದು ಮತ್ತು ಎಷ್ಟಾಯಿತೆಂದು ಕಾಲಕಾಲಕ್ಕೆ ತಿಳಿದಿರುವುದು. ಮುದಿಯಾದ ಚೈನು ಮೋಸ ಮಾಡುವುದಿಲ್ಲ. ಅದು ತನ್ನ ಲೆಕ್ಕವನ್ನು 20 ಕೊಂಡಿಗಳ ಮೇಲೆ ಸ್ಪಷ್ಟವಾಗಿ ಬರೆದಿಟ್ಟಿರುತ್ತದೆ, ಓದುವವರು ಬೇಕು. ಆಗಸ್ಟಿನ ಮೊದಲ ದಿನಗಳಲ್ಲಿ ನೇತ್ರಾವತಿ ಸೇತುವೆಯ ಮೇಲೆ ಮೀನಿನ ಪೆಟ್ಟಿಗೆ ಹೊತ್ತು ಸಾಲಾಗಿ ಹೋಗುವ ಗಾಡಿಗಳನ್ನು ನೋಡಿದಾಗ, ಅವುಗಳಲ್ಲಿ ಎಷ್ಟರ ಲೆಕ್ಕವನ್ನು ಓದಿಯಾಗಿದೆಯೋ ಎಂಬ ಯೋಚನೆ ತಿಳಿದವರಿಗೆ ಬಾರದಿರದು. ಐದು ಮಿಲಿಮೀಟರಿನ ವ್ಯತ್ಯಾಸಕ್ಕಾಗಿ ಹತ್ತು ನಿಮಿಷ ಕುಕ್ಕರಗಾಲಿನಲ್ಲಿ ಕೂರುವುದು ದೊಡ್ಡ ಶ್ರಮವೇನೂ ಅಲ್ಲ. ಹಿಂದಿನ ಸೀಟಿನಲ್ಲಿ ನಂಬಿ ಕೂರುವವರಿಗೆ ಸವಾರನು ಕೊಡಬಹುದಾದ ಮರ್ಯಾದೆ ಅದು.